ವಿಯೆನ್ನಾದ ಕಾಫಿಗೃಹ

ಒಂದೇ ಬಟ್ಟಲು ಕಾಫಿ ತರಿಸಿಕೊಂಡು ಇಡೀ ಮಧ್ಯಾಹ್ನ ಕುಳಿತಿದ್ದರೂ ‘ಏಳಿ’ ಎನ್ನುವವರಿಲ್ಲ. ಇದು ವಿಯೆನ್ನಾದ ಕಾಫಿಗೃಹದ ಮರ್ಯಾದೆ. ಕಾಫಿಯೊಡನೆ ಒಂದು ಲೋಟ ತಣ್ಣೀರೂ ಬರುತ್ತದೆ. ಮರದ ಹಿಡಿಗೆ ಸಿಕ್ಕಿಸಿದ ಪತ್ರಿಕೆಗಳು ಓದುಗನಿಗಾಗಿ ಕಾದಿರುತ್ತವೆ. ಚಳಿಗಾಲದಲ್ಲಿ ಬೆಚ್ಚನೆಯ ಕೋಣೆಯಿಲ್ಲದ ಬಡ ಲೇಖಕನಿಗೆ ಇದಕ್ಕಿಂತ ಮಿಗಿಲಾದ ಆಶ್ರಯ ಬೇರಾವುದು? 1876ರಲ್ಲಿ ತೆರೆದ ಕೆಫೆ ಸೆಂಟ್ರಾಲನ್ನು ಪೀಟರ್ ಆಲ್ಟೆನ್‌ಬರ್ಗ್ ತನ್ನ ಅಂಚೆಯ ವಿಳಾಸವನ್ನಾಗಿಯೇ ಮಾಡಿಕೊಂಡಿದ್ದನು.

ಈ ಮೇಜುಗಳ ಸುತ್ತ ನೆರೆಯುತ್ತಿದ್ದ ಬರೆಹಗಾರರಲ್ಲಿ ಯೆಹೂದ್ಯರು ಅನೇಕರು. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಹೊಕ್ಕಿತು. ಅವರಲ್ಲಿ ಕೆಲವರು ದೇಶಭ್ರಷ್ಟರಾದರು, ಕೆಲವರು ಯಾತನಾಶಿಬಿರಗಳಲ್ಲಿ ಮಡಿದರು. 2011ರಲ್ಲಿ ಕಾಫಿಗೃಹದ ಸಂಸ್ಕೃತಿ ಆ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ನೀರಿನ ಲೋಟವುಂಟು, ಪತ್ರಿಕೆಯೂ ಉಂಟು. 1919ರಲ್ಲಿ ತೀರಿಕೊಂಡ ಆಲ್ಟೆನ್‌ಬರ್ಗನ ಬೊಂಬೆಯೊಂದು ಸೆಂಟ್ರಾಲಿನ ಬಾಗಿಲ ಬಳಿ ಕುಳಿತಿದೆ. ಪ್ರವಾಸಿಗರು ಅದರೊಡನೆ ಚಿತ್ರ ತೆಗೆಸಿಕೊಳ್ಳುತ್ತಾರೆ.