ಹಳೇ ಲಾರಿಯ ಸ್ಟೇರಿಂಗ್ ಯಾಕೆ ಆಡುತ್ತೆ? ಬಾಲ್ ಜಾಯಿಂಟ್ ಕಥೆ

ಇವತ್ತಿನ ಎಪಿಸೋಡ್ ನಮ್ಮ ದೊಡ್ಡಪ್ಪನ ಹಳೇ ಟಾಟಾ 1210 ಲಾರಿ ಬಗ್ಗೆ. ನಾನು ಓದಿದ್ದು ಬಿಕಾಂ, ಸ್ಪ್ಯಾನರ್ ಹಿಡಿದವನಲ್ಲ. ಆದರೂ ಎರಡು ದಿನ ಗ್ಯಾರೇಜಲ್ಲಿ ಕೂತು ಕಲಿತದ್ದನ್ನ ಹೇಳ್ತೀನಿ.

ಮೊದಲು ಒಂಚೂರು ಹಿನ್ನೆಲೆ. ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡ್ತು. ಆ ಒಪ್ಪಂದ 1969ಕ್ಕೆ ಮುಗೀತು. ನಮ್ಮ ಹಿರಿಯರು ಇವತ್ತಿಗೂ ಈ ಲಾರಿಗಳನ್ನ 'ಬೆಂಝ್ ಲಾರಿ' ಅನ್ನೋದು ಅದಕ್ಕೇ.

ನಮ್ಮ ಲಾರಿಗೆ ಪವರ್ ಸ್ಟೇರಿಂಗ್ ಇಲ್ಲ. ಸ್ಟೇರಿಂಗನ್ನ ಅಂಗೈಯಗಲ ತಿರುಗಿಸಿದರೂ ಚಕ್ರ ಅಲ್ಲಾಡ್ತಿರಲಿಲ್ಲ. ನೇರ ರಸ್ತೇಲೂ ಗಾಡಿ ಎಡಕ್ಕೆ ಬಲಕ್ಕೆ ಎಳೀತಿತ್ತು, ಮುಂದಿನ ಟೈರು ಒಂದೇ ಬದಿ ಸವೆದಿತ್ತು. ದೊಡ್ಡಪ್ಪ ಮಾತ್ರ, 'ನಲವತ್ತು ವರ್ಷದಿಂದ ಹೀಗೇ ಓಡಿಸ್ತಿದೀನಿ ಬಿಡೋ' ಅಂತಿದ್ರು. ಅವರಿಗೆ ಅದನ್ನ ಶಿರಾಡಿ ಘಾಟಿ ಇಳಿಸಿ ಧರ್ಮಸ್ಥಳಕ್ಕೆ ಒಯ್ಯೋ ಆಸೆ.

ಮೇಸ್ತ್ರಿ ಎಂಜಿನ್ ಆಫ್ ಮಾಡಿಸಿ, ನನ್ನನ್ನ ಕ್ಯಾಬಿನ್‌ಗೆ ಹತ್ತಿಸಿ, 'ಸ್ಟೇರಿಂಗ್ ಮೆಲ್ಲಗೆ ಅಲ್ಲಾಡಿಸ್ತಿರಪ್ಪಾ' ಅಂದ್ರು. ಅವರು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಕೈಯಿಟ್ಟು ನೋಡಿದ್ರು. ಸ್ಟೇರಿಂಗ್ ಬಾಕ್ಸಿಂದ ಡ್ರಾಪ್ ಆರ್ಮ್, ಅಲ್ಲಿಂದ ಡ್ರ್ಯಾಗ್ ಲಿಂಕ್ ಒಂದು ಚಕ್ರಕ್ಕೆ. ಆ ಚಕ್ರವನ್ನ ಇನ್ನೊಂದಕ್ಕೆ ಕಟ್ಟಿರೋದು ಟೈ ರಾಡ್. ಟೈ ರಾಡಿನ ಎರಡೂ ತುದೀಲಿ ಬಾಲ್ ಜಾಯಿಂಟ್. ಬಟ್ಟಲೊಳಗೆ ಕೂತ ಒಂದು ಉಕ್ಕಿನ ಗುಂಡು ಅಷ್ಟೆ. ರಬ್ಬರ್ ಹರಿದು, ಗ್ರೀಸ್ ಒಣಗಿ, ದೂಳು ಸೇರಿದರೆ ಗುಂಡು ಸವೆಯುತ್ತೆ. ತೀರಾ ಸವೆದರೆ ಬಟ್ಟಲಿಂದ ಕಳಚಿಕೊಳ್ಳುತ್ತೆ. ಆಮೇಲೆ ಒಂದು ಚಕ್ರ ಮಾತ್ರ ನಿಮ್ಮ ಮಾತು ಕೇಳುತ್ತೆ, ಇನ್ನೊಂದು ತನಗೆ ಬೇಕಾದ ಕಡೆ ಹೋಗುತ್ತೆ. ಘಾಟಿಯಲ್ಲಿ ಹಾಗಾದ್ರೆ ಏನು ಗತಿ, ಯೋಚಿಸಿ.

ಆಮೇಲೆ ಆಕ್ಸಲ್‌ಗೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರು. ಆಡ್ತು. ನನಗೆ ಬ್ರೇಕ್ ಒತ್ತೋಕೆ ಹೇಳಿದ್ರು. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ವೀಲ್ ಬೇರಿಂಗ್ ಸಡಿಲ ಅಂತ. ನಿಲ್ಲದಿದ್ರೆ ಕಿಂಗ್ ಪಿನ್, ಬುಶ್ ಹೋಗಿದೆ ಅಂತ. ನಮ್ಮದು ನಿಂತುಬಿಡ್ತು. ಕಿಂಗ್ ಪಿನ್ ಖರ್ಚು ಉಳೀತು!

ಬಾಲ್ ಜಾಯಿಂಟ್ ಬಿಚ್ಚೋದೇ ಒಂದು ವಿದ್ಯೆ. ಸ್ಪ್ಲಿಟ್ ಪಿನ್ ತೆಗೆದು, ನಟ್ ಸಡಿಲಿಸಿ, ಪೂರ್ತಿ ಬಿಚ್ಚದೆ ಎರಡು ಸುತ್ತು ಬಿಡಬೇಕು. ಬೋಲ್ಟಿನ ತಲೆಗೆ ಹೊಡೀಬಾರದು. ಅದು ಕೂತಿರೋ ತೋಳಿನ ಕಣ್ಣಿಗೆ ಪಕ್ಕದಿಂದ ಸುತ್ತಿಗೆ ಏಟು ಕೊಟ್ರೆ ಟಕ್ ಅಂತ ಬಿಟ್ಕೊಳ್ಳುತ್ತೆ. ಗ್ಯಾಸ್ ಬೆಂಕಿ ಹಿಡಿಯೋದು, ಸವೆದದ್ದಕ್ಕೆ ವೆಲ್ಡಿಂಗ್ ಮಾಡೋದು, ಎರಡೂ ಬೇಡವೇ ಬೇಡ.

ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್. ಹಳೇದು ಎಷ್ಟು ಸುತ್ತಿಗೆ ಹೊರಬಂತು ಅಂತ ಎಣಿಸಿ, ಹೊಸದನ್ನ ಅಷ್ಟೇ ಸುತ್ತು ಹಾಕಬೇಕು. ನಾನು 'ಕೆಟ್ಟಿರೋದು ಒಂದೇ ಅಲ್ವಾ, ಒಂದೇ ಹಾಕೋಣ' ಅಂದೆ. ಮೇಸ್ತ್ರಿ ನಕ್ಕು, 'ಎರಡೂ ಒಟ್ಟಿಗೆ ಹುಟ್ಟಿದ್ದಪ್ಪಾ, ಒಟ್ಟಿಗೇ ಹೋಗಲಿ' ಅಂದ್ರು.

ಕೂರಿಸುವಾಗ ಕೋನಾಕಾರದ ಭಾಗ ಒಣಗಿ ಸ್ವಚ್ಛವಾಗಿರಬೇಕು, ಅಲ್ಲಿ ಗ್ರೀಸ್ ಬೇಡ. ನಟ್ ಬಿಗಿ ಮಾಡಿದ ಮೇಲೆ ಪಿನ್ನಿನ ತೂತು ಸೇರದಿದ್ರೆ ಇನ್ನೂ ಸ್ವಲ್ಪ ಬಿಗೀರಿ, ಹಿಂದಕ್ಕೆ ಸಡಿಲಿಸಬೇಡಿ. ಸ್ಪ್ಲಿಟ್ ಪಿನ್ ಯಾವಾಗಲೂ ಹೊಸದೇ. ನಂತರ ನಿಪ್ಪಲ್‌ಗೆ ಗ್ರೀಸ್. ಕೊನೆಗೆ ಟೋ-ಇನ್, ಅಂದ್ರೆ ಮುಂದಿನ ಎರಡು ಟೈರುಗಳ ನಡುವಿನ ಅಂತರ ಮುಂಭಾಗ ಎಷ್ಟು, ಹಿಂಭಾಗ ಎಷ್ಟು ಅಂತ ಅಳೆದು, ಟೈ ರಾಡ್ ತಿರುಗಿಸಿ ಸರಿ ಮಾಡೋದು. ಇದನ್ನ ಬಿಟ್ರೆ ಹೊಸ ಟೈರೂ ಸವೆದೇ ಹೋಗುತ್ತೆ.

ಮೇಸ್ತ್ರಿ ಬೇರಿಂಗನ್ನೂ ಬಿಗಿ ಮಾಡಿಕೊಟ್ರು. ದೊಡ್ಡಪ್ಪ ಒಂದು ರೌಂಡ್ ಹೊಡೆದು ಬಂದು ಸುಮ್ಮನೆ ಕೂತ್ರು. ಆಮೇಲೆ, 'ಇಷ್ಟು ವರ್ಷ ದೇವರೇ ಓಡಿಸ್ತಿದ್ದ ಕಣೋ' ಅಂದ್ರು. ಅವರ ಕೈಯಲ್ಲಿದ್ದ ಹಳೇ ಜಾಯಿಂಟ್ ಬೆರಳಲ್ಲಿ ತಳ್ಳಿದರೆ ಲೊಡಲೊಡ ಅಂತಿತ್ತು.

ನಿಮ್ಮ ಮನೇಲೂ ಹಳೇ ಗಾಡಿ ಇದ್ರೆ, ಈ ಭಾನುವಾರ ಒಬ್ಬರು ಸ್ಟೇರಿಂಗ್ ಹಿಡೀರಿ, ಒಬ್ಬರು ಕೆಳಗೆ ನೋಡಿ. ಹತ್ತು ನಿಮಿಷದ ಕೆಲಸ. ಮುಂದಿನ ವಾರ ಸಿಗೋಣ!