ಕೈಯಿಂದ ತುಂಬಿದ ರೈಫಲ್ ತೋಟಾಗಳಲ್ಲಿ ಅಧಿಕ ಒತ್ತಡದ ಲಕ್ಷಣಗಳು: ಪರವಾನಗಿದಾರರ ಗಮನಕ್ಕೆ

ಶಸ್ತ್ರಾಸ್ತ್ರ ಅಧಿನಿಯಮ, 1959ರ 5ನೇ ಪ್ರಕರಣದನ್ವಯ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ನಿಷಿದ್ಧ. ಪರವಾನಗಿ ಹೊಂದಿ ಗುರಿ ಸ್ಪರ್ಧೆಗಾಗಿ ತೋಟಾ ತುಂಬುವವರು, ಗುಂಡು ಹಾರಿಸಿದ ನಂತರ ಪ್ರತಿಯೊಂದು ಖಾಲಿ ಹಿತ್ತಾಳೆ ಕೇಸನ್ನು ಪರಿಶೀಲಿಸತಕ್ಕದ್ದು.

ಲಕ್ಷಣಗಳು:
1. ಬೋಲ್ಟ್ ಮೇಲೆತ್ತಲು ಬಿಗಿಯಾಗುವುದು.
2. ಕೇಸಿನ ತಳದಲ್ಲಿ ಎಜೆಕ್ಟರಿನ ಹೊಳೆಯುವ ಗುರುತು ಮೂಡುವುದು.
3. ಪ್ರೈಮರ್ ತೂತಾಗುವುದು ಅಥವಾ ಅದು ಕೂರುವ ಕುಳಿ ಸಡಿಲಗೊಳ್ಳುವುದು.

ಪ್ರೈಮರ್ ಚಪ್ಪಟೆಯಾಗಿರುವುದೊಂದೇ ಖಚಿತ ಸಾಕ್ಷಿಯಲ್ಲ. ಹಾಗೆಯೇ, ಲಕ್ಷಣ ಕಾಣಲಿಲ್ಲವೆಂಬ ಮಾತ್ರಕ್ಕೆ ತೋಟಾ ಸುರಕ್ಷಿತವೆಂದು ಭಾವಿಸಬಾರದು. ಒತ್ತಡವು ಮಿತಿ ಮೀರಿದ ನಂತರವೇ ಇವು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಸರಿಯಾಗಿದ್ದ ಮದ್ದಿನ ಪ್ರಮಾಣವು ಬೇಸಿಗೆಯಲ್ಲಿ ಅಧಿಕ ಒತ್ತಡ ಉಂಟುಮಾಡಬಹುದು.

ಮೊದಲ ಲಕ್ಷಣ ಕಂಡೊಡನೆ ಗುಂಡು ಹಾರಿಸುವುದನ್ನು ನಿಲ್ಲಿಸತಕ್ಕದ್ದು. ಅದೇ ಪ್ರಮಾಣದಲ್ಲಿ ತುಂಬಿದ ಉಳಿದ ತೋಟಾಗಳನ್ನು ಬಳಸದೆ ಪ್ರತ್ಯೇಕವಾಗಿರಿಸಿ, ಮದ್ದಿನ ತೂಕವನ್ನು ತಯಾರಕರ ಪ್ರಕಟಿತ ಕೋಷ್ಟಕದೊಡನೆ ತಾಳೆ ನೋಡತಕ್ಕದ್ದು.