ಕೆರೆ ಊರಿನ ಹುಡುಗಿ ನೌಕಾದಳಕ್ಕೆ

ನಮ್ಮ ಹುಳಿಯಾರು ಸೀಮೆಯವರಿಗೆ ನೀರೆಂದರೆ ಬಾವಿ, ಕೆರೆ, ಹೆಚ್ಚೆಂದರೆ ಬೋರನಕಣಿವೆ ಜಲಾಶಯ. ಇಂಥ ಊರಿನಿಂದ ಮಂಗಳೂರಿಗೆ ಪಿ.ಯು.ಸಿ. ಓದಲು ಹೋದ ಮಗಳು ಒಂದು ಸಂಜೆ ಫೋನ್ ಮಾಡಿ, “ಅಮ್ಮಾ, ನಾನು ಎನ್.ಸಿ.ಸಿ. ನೌಕಾ ವಿಭಾಗಕ್ಕೆ ಸೇರ್ತೀನಿ. ಅರ್ಜಿಗೆ ಅಪ್ಪ ಇಲ್ಲಾ ನೀನು ಸಹಿ ಹಾಕ್ಬೇಕು” ಎಂದರೆ ಹೆತ್ತವಳಿಗೆ ಹೇಗಾಗಬೇಡ? ನಮ್ಮ ಮನೆಯಲ್ಲೇ ನಡೆದ ಮಾತಿದು.

ಅತ್ತೆಯವರು, “ಹೆಣ್ಣುಮಗೂಗೆ ದೋಣಿ, ಬಿಸಿಲು ಇದೆಲ್ಲ ಯಾಕಮ್ಮಾ? ಓದ್ಕೊಂಡು ಬರೋಕೆ ಹೇಳು” ಎಂದರು. ಯಜಮಾನರು, “ನೀನು ಹೆಂಗ್ ಹೇಳ್ತೀಯೋ ಹಂಗೆ” ಎಂದು ತೋಟಕ್ಕೆ ಹೊರಟೇ ಬಿಟ್ಟರು. ಅಂಚೆಯಲ್ಲಿ ಬಂದ ಅರ್ಜಿ ನಾಲ್ಕು ದಿನ ಸಾಂಬಾರ ಡಬ್ಬಿಯ ಕೆಳಗೇ ಕುಳಿತಿತ್ತು. ನನಗೂ ಈಜು ಬಾರದು. ಭಯ ಇದ್ದದ್ದು ಅಲ್ಲೇ.

ಕಡೆಗೆ, ಗೊತ್ತಿಲ್ಲದೆ ಬೇಡವೆನ್ನುವುದು ನ್ಯಾಯವಲ್ಲ ಎನ್ನಿಸಿ ತಿಳಿದವರನ್ನು ಕೇಳಿದೆ. ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಎನ್.ಸಿ.ಸಿ. ಶುರುವಾದದ್ದು 1948ರ ಕಾಯಿದೆಯಿಂದ. ಮರುವರ್ಷವೇ, 1949ರಲ್ಲಿ, ಹುಡುಗಿಯರ ವಿಭಾಗ ಬಂತು. ನೌಕಾ ವಿಭಾಗ ಸೇರಿದ್ದು 1952ರಲ್ಲಿ. ಪ್ರೌಢಶಾಲೆಯ ಮಕ್ಕಳಿಗೆ ಕಿರಿಯರ ವಿಭಾಗ, ಎರಡು ವರ್ಷದ ತರಬೇತಿ. ಕಾಲೇಜಿನವರಿಗೆ ಹಿರಿಯರದು, ಮೂರು ವರ್ಷ. ಶಾಲೆಯಲ್ಲಿ ಯಾವ ದಳವಿದೆಯೋ ಅದಕ್ಕೇ ಸೇರಬೇಕು. ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಭೂದಳ. ನೌಕಾ ಘಟಕ ಬೇಕೆಂದರೆ ಮಂಗಳೂರು, ಬೆಂಗಳೂರಿನಂಥ ಊರಿನ ಕಾಲೇಜನ್ನು ವಿಚಾರಿಸಬೇಕು.

ಸೇರಿದವರು ಮಿಲಿಟರಿಗೆ ಹೋಗಲೇಬೇಕೆ? ಇಲ್ಲ! ಅಂಥ ಕಟ್ಟುಪಾಡೇನೂ ಇಲ್ಲ. ಸಮವಸ್ತ್ರದ ಖರ್ಚು ಸರ್ಕಾರದ್ದು. ಕವಾಯತು ಮುಗಿದ ಮೇಲೆ ತಿಂಡಿಯೂ ಉಂಟು.

ಹಾಗಾದರೆ ಕಲಿಸುವುದೇನು? ಹುಟ್ಟು ಹಾಕಿ ದೋಣಿ ನಡೆಸುವುದು, ಹಾಯಿ ಬಿಚ್ಚುವುದು, ಎರಡು ಕೈಯಲ್ಲಿ ಎರಡು ಬಾವುಟ ಹಿಡಿದು ಅಕ್ಷರ ಅಕ್ಷರವಾಗಿ ದೂರಕ್ಕೆ ಸುದ್ದಿ ಕಳಿಸುವುದು, ಹಡಗಿನ ಮಾದರಿ ಮಾಡುವುದು, ಹಗ್ಗಕ್ಕೆ ಬಗೆಬಗೆಯ ಗಂಟು ಹಾಕುವುದು. ವೇಲರ್ ಎಂಬ ದೋಣಿಯನ್ನು ಐದು ಹುಟ್ಟುಗಳಿಂದ ಎಳೆಯುತ್ತಾರೆ. ಐವರೂ ಒಂದೇ ತಾಳಕ್ಕೆ ಎಳೆದರೆ ಮಾತ್ರ ದೋಣಿ ನೆಟ್ಟಗೆ ಹೋಗುತ್ತದೆ. ಕೂಡು ಕುಟುಂಬ ನಡೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಹುಡುಗಿಯರಿಗೆ ಮುಂದೆ ದಾರಿಯಿದೆಯೇ ಎಂದೂ ಕೇಳಿದೆ. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟ ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಪುಣೆ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಲ್ಲಿ ಹುಡುಗಿಯರಿಗೂ ಪ್ರವೇಶ ಸಿಕ್ಕಿತು. 2025ರ ಮೇನಲ್ಲಿ ಅವರ ಮೊದಲ ತಂಡದ 17 ಮಂದಿ ತೇರ್ಗಡೆಯಾಗಿ ಹೊರಬಂದರು.

ಇಷ್ಟೆಲ್ಲ ಕೇಳಿದ ಮೇಲೂ ಭಯ ಪೂರ್ತಿ ಹೋಗಲಿಲ್ಲ, ಸುಳ್ಳು ಹೇಳಲಾರೆ. ಆದರೆ ನನ್ನ ಭಯಕ್ಕೆ ಅವಳ ಆಸೆಯನ್ನೇಕೆ ಕಟ್ಟಿಹಾಕಲಿ? ಐದನೆಯ ದಿನ ಸಹಿ ಹಾಕಿದೆ. ಈಜು ಕಲಿಯಬೇಕೆಂದು ಮಾತು ತೆಗೆದುಕೊಂಡೇ ಹಾಕಿದೆ, ಅನ್ನಿ!

ನೀವೂ ಸಹಿ ಹಾಕುವ ಮುಂಚೆ ಕೆಲವು ಮಾತು ಕೇಳಿ ತಿಳಿದುಕೊಳ್ಳಿ. ದೋಣಿ ಹತ್ತುವಾಗ ತೇಲುವ ಜಾಕೀಟು ಕೊಡುತ್ತಾರೆಯೇ? ಶಿಬಿರಕ್ಕೆ ಹುಡುಗಿಯರ ಜೊತೆ ಯಾರು ಹೋಗುತ್ತಾರೆ? ಪರೀಕ್ಷೆ ಹತ್ತಿರವಿದ್ದಾಗ ಶಿಬಿರ ಬಂದರೆ ಏನು ಮಾಡುತ್ತಾರೆ? ಪ್ರಮಾಣಪತ್ರದ ಪರೀಕ್ಷೆಗೆ ಕೂರಲು ಕವಾಯತಿನಲ್ಲಿ ನೂರಕ್ಕೆ 75 ಹಾಜರಿ ಬೇಕು. ಮದುವೆ, ಹಬ್ಬ ಎಂದು ಪದೇ ಪದೇ ಊರಿಗೆ ಕರೆಸಬೇಡಿ. ಹಿರಿಯರ ವಿಭಾಗದಲ್ಲಿ ಎರಡನೆಯ ವರ್ಷ ‘ಬಿ’, ಮೂರನೆಯ ವರ್ಷ ‘ಸಿ’ ಪ್ರಮಾಣಪತ್ರ. ಪದವಿಗೆ ಬೇರೆ ಕಾಲೇಜಿಗೆ ಹೋಗುವುದಾದರೆ ಅಲ್ಲಿಯೂ ನೌಕಾ ಘಟಕ ಇದೆಯೇ, ಮೊದಲೇ ನೋಡಿಕೊಳ್ಳಿ.

ದಸರಾ ರಜೆಗೆ ಬಂದ ಮಗಳು ಬಿಸಿಲಿಗೆ ಕಪ್ಪಾಗಿದ್ದಳು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅತ್ತೆಯವರು ಗೊಣಗುತ್ತಲೇ ಕೊಬ್ಬರಿ ಎಣ್ಣೆ ಹಚ್ಚಿದರು. ಅವಳು ಕೊಟ್ಟಿಗೆಯಿಂದ ತೆಂಗಿನ ನಾರಿನ ಹಗ್ಗ ತಂದು, “ಅಜ್ಜೀ, ಈ ಹಗ್ಗ ಉಪ್ಪುನೀರಿಗೆ ಬೇಗ ಕೊಳೆಯಲ್ಲ, ನೀರಿನ ಮೇಲೆ ತೇಲುತ್ತೆ. ಹಿಂದೆ ಹಡಗಿಗೂ ಇದನ್ನೇ ಬಳಸ್ತಿದ್ರು” ಎನ್ನುತ್ತ ‘ಬೋಲೈನ್’ ಗಂಟು ಹಾಕಿ ತೋರಿಸಿದಳು. ಎಷ್ಟು ಜಗ್ಗಿದರೂ ಆ ಕುಣಿಕೆ ಬಿಗಿಯದು. ಬೇಕೆಂದಾಗ ಸಲೀಸಾಗಿ ಬಿಚ್ಚಬಹುದು.

ಅತ್ತೆಯವರು ಹಗ್ಗವನ್ನು ತಿರುಗಿಸಿ ನೋಡಿ, “ಲೇ, ಕರು ಕೊರಳಿಗೆ ಹಾಕೋಕೆ ಒಳ್ಳೆ ಕುಣಿಕೆ ಕಣೇ ಇದು, ಉರುಲಾಗಲ್ಲ! ಇನ್ನೊಂದ್ಸಲ ಹಾಕು, ನೋಡ್ತೀನಿ” ಎಂದರು.

ಮಗಳು ಹೊರಟ ದಿನ ಕೊಬ್ಬರಿ ಚಟ್ನಿಪುಡಿಯ ಡಬ್ಬಿ ಕಟ್ಟಿಕೊಟ್ಟವರೂ ಅವರೇ. “ದೋಣಿ ಎಳೆಯೋ ಮಕ್ಕಳಿಗೆಲ್ಲ ಕೊಡು” ಎಂದು ಎರಡು ಹಿಡಿ ಹೆಚ್ಚಿಗೆಯೇ ತುಂಬಿದ್ದರು.